ಪುಣೆಯ ಒಂದು ಬಿಲ್ಲು, ನಾಲ್ಕು ಪಾಲಿಸಿ

ಮಗನ ಫೋನ್ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. "ಅಪ್ಪಾ, ಪ್ಲೇಟ್‌ಲೆಟ್ 42 ಸಾವಿರಕ್ಕ ಇಳದಾವಂತ. ಅಡ್ಮಿಟ್ ಆಗು ಅನ್ನಾಕತ್ತಾರ." 2025ರ ಆಗಸ್ಟ್, ಡೆಂಗಿ. ಅವನು ಪುಣೆಯ ಹಾಸ್ಟೆಲ್‌ನಲ್ಲಿ, ನಾವು ವಿಜಯಪುರದಲ್ಲಿ. ಸೊಲ್ಲಾಪುರ ದಾಟಿ ನಾನು ಬೆಳಿಗ್ಗೆ ಅಲ್ಲಿ ಮುಟ್ಟುವಷ್ಟರಲ್ಲಿ ಹುಡುಗ ಒಬ್ಬನೇ ಕೌಂಟರ್ ಮುಂದೆ ನಿಂತು ಫಾರ್ಮ್ ತುಂಬಿದ್ದ. 20 ಸಾವಿರ ಅಡ್ವಾನ್ಸ್ ನಾನು ಬಸ್ಸಿನಿಂದಲೇ ಕಳಿಸಿದ್ದೆ.

ನಾಲ್ಕು ದಿನದ ಬಿಲ್ಲು 86,000 ರೂಪಾಯಿ. ಆ ಬಿಲ್ಲನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಮಗನಿಗೆ ಯಾವ ಆರೋಗ್ಯ ವಿಮೆ ಪಾಲಿಸಿ ಸರಿ ಅಂತ ನೋಡಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಗಲಿಲ್ಲ. ಒಂದನ್ನು ಬಿಟ್ಟು ಉಳಿದ ಪಾಲಿಸಿಗಳನ್ನೆಲ್ಲ ಅದೇ ಬಿಲ್ಲಿನ ಮೇಲೆ ಹಚ್ಚಿ ನೋಡಿದೆ.

ಮೊದಲು ಮನೆಯ ಫ್ಲೋಟರ್, ಅಂದರೆ ಇಡೀ ಕುಟುಂಬಕ್ಕೆ ಒಂದೇ ಪಾಲಿಸಿ. ನಾಲ್ಕು ಜನಕ್ಕೆ ಸೇರಿ ಐದು ಲಕ್ಷ. ಆ ರಾತ್ರಿ ಕೆಲಸಕ್ಕೆ ಬಂದದ್ದು ಇದೇ. ಕ್ಯಾಶ್‌ಲೆಸ್ ಕೂಡ ಆಯಿತು, ಅಂದರೆ ವಿಮೆಯ ಹಣವನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟಿತು. ಆದರೆ "ಕ್ಯಾಶ್‌ಲೆಸ್" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ನಮ್ಮ ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ ವಿಮೆ ಮೊತ್ತದ 1 ಪರ್ಸೆಂಟ್, ಅಂದರೆ 5,000. ಮಳೆಗಾಲದಲ್ಲಿ ಆಸ್ಪತ್ರೆ ತುಂಬಿ ತುಳುಕುತ್ತಿತ್ತು. ಖಾಲಿ ಇದ್ದದ್ದು 7,500ರ ರೂಮ್ ಒಂದೇ. ಜ್ವರದಲ್ಲಿ ನಡುಗುವ ಹುಡುಗ ರೂಮ್ ಬಾಡಿಗೆ ಚೌಕಾಸಿ ಮಾಡುತ್ತಾ ಕೂರುತ್ತಾನೆಯೇ? ಸರಿ ಅಂದ.

ರೂಮಿನ ಹೆಚ್ಚುವರಿ ಹಣ ನಾಲ್ಕು ದಿನಕ್ಕೆ 10,000. ಅಷ್ಟಕ್ಕೇ ಮುಗಿಯಲಿಲ್ಲ. ತುಟ್ಟಿ ರೂಮ್ ಹಿಡಿದರೆ ಡಾಕ್ಟರ್ ಫೀ, ನರ್ಸಿಂಗ್‌ನಂಥ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಔಷಧಿಗೂ ರಕ್ತ ಪರೀಕ್ಷೆಗೂ ಈ ಕತ್ತರಿ ಇಲ್ಲ, ಅಷ್ಟು ಪುಣ್ಯ. ನಮ್ಮ ಬಿಲ್ಲಿನಲ್ಲಿ ಅಂಥ ಖರ್ಚು 18,000 ಇತ್ತು, ಅದರ ಮೂರನೇ ಒಂದು ಭಾಗ, 6,000 ಹೋಯಿತು. ಗ್ಲೌಸು, ಮಾಸ್ಕು ಅಂತ 4,000. ಉಳಿದದ್ದು 66,000. ಅದರ ಮೇಲೆ ಕೊನೆಯ ಏಟು ಬಿತ್ತು: ಜೋನ್.

ನಮ್ಮ ಪ್ರೀಮಿಯಂ ಕಡಿಮೆ ಇದ್ದದ್ದೇ ವಿಜಯಪುರದ ವಿಳಾಸ ಕೊಟ್ಟಿದ್ದರಿಂದ. ಕೆಲವು ಪಾಲಿಸಿಗಳಲ್ಲಿ ಊರುಗಳನ್ನು ಜೋನ್ ಮಾಡಿ ಹಂಚಿರುತ್ತಾರೆ. ಅಗ್ಗದ ಜೋನ್‌ನವರು ತುಟ್ಟಿ ಜೋನ್‌ನಲ್ಲಿ ಅಡ್ಮಿಟ್ ಆದರೆ ಒಂದಿಷ್ಟು ಪಾಲು ನಮ್ಮದು. ನಮ್ಮದರಲ್ಲಿ 10 ಪರ್ಸೆಂಟ್, ಅಂದರೆ 6,600. ಒಟ್ಟು ಜೇಬಿನಿಂದ ಹೋದದ್ದು 26,600. ಮಗ ಹೊರರಾಜ್ಯಕ್ಕೆ ಹೋಗುವಾಗ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ನೆನಪಿಟ್ಟು ಕಟ್ಟಿಕೊಟ್ಟಿದ್ದೆವು. ಪಾಲಿಸಿಯ ಈ ಪುಟ ಓದಿರಲಿಲ್ಲ.

ಡಿಸ್ಚಾರ್ಜ್ ದಿನ ಇನ್ನೊಂದು ಫಜೀತಿ. ಬಿಲ್ಲಿಗೆ ಕಂಪನಿ ಕೊನೆಯ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು ಅಂತ 2024ರಲ್ಲೇ ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೇಳಿದೆ. ನಮಗೆ ಐದು ತಾಸು ಹಿಡಿಯಿತು. ಪಾಲಿಸಿಯಲ್ಲಿ ಮಗನ ಹೆಸರಿನ ಮುಂದೆ ಇನಿಶಿಯಲ್ ಮಾತ್ರ. ಆಧಾರ್‌ನಲ್ಲಿ ಅವನ ಹೆಸರು, ನನ್ನ ಹೆಸರು, ಅಡ್ಡಹೆಸರು ಎಲ್ಲ ಇದೆ. ಆಸ್ಪತ್ರೆಯವರು ಅಲ್ಲಿಯ ರೂಢಿಯಂತೆ ಅಡ್ಡಹೆಸರು ಮೊದಲು ಬರೆದಿದ್ದರು. ಮೂರು ಕಡೆ ಮೂರು ಹುಡುಗರು! ಇವರೆಲ್ಲ ಒಬ್ಬನೇ ಅಂತ ಸಾಬೀತು ಮಾಡುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ದಾಟಿತು.

ಎರಡನೆಯದು ಕಾಲೇಜಿನ ಗುಂಪು ಪಾಲಿಸಿ. ಫೀಸಿನ ಜೊತೆಗೇ ಕಟ್ಟಿಸಿಕೊಳ್ಳುತ್ತಾರೆ. ಒಂದು ಲಕ್ಷದ ಕವರ್, ರೂಮಿಗೆ ದಿನಕ್ಕೆ 2,000, ಮೊದಲು ನಾವು ಕಟ್ಟಿ ಆಮೇಲೆ ಕೇಳಬೇಕು. ಪುಣೆಯ ಬಿಲ್ಲಿಗೆ ಇದನ್ನು ಹಚ್ಚಿ ನೋಡುವ ಮನಸ್ಸೇ ಆಗಲಿಲ್ಲ. ಸುಮ್ನೆ ದುಡ್ಡು ಅಂದುಕೊಂಡಿದ್ದೆ.

ಆದರೆ ಇಲ್ಲಿ ನನ್ನ ಎಣಿಕೆ ತಪ್ಪಿತ್ತು. ಮೊದಲ ವರ್ಷ ಕ್ರಿಕೆಟ್ ಆಡುವಾಗ ಮಗನ ಮುಂಗೈ ಮುರಿದಿತ್ತು. ಎಕ್ಸ್‌ರೇ, ಪ್ಲಾಸ್ಟರ್, ಔಷಧಿ ಎಲ್ಲ ಸೇರಿ 9,400. ಆಸ್ಪತ್ರೆಯಲ್ಲಿ ಇದ್ದದ್ದು ಮೂರು ತಾಸು. ಫ್ಲೋಟರ್ ಇದಕ್ಕೆ ಒಂದು ಪೈಸೆ ಕೊಡುವುದಿಲ್ಲ, ಅದಕ್ಕೆ 24 ತಾಸು ಅಡ್ಮಿಟ್ ಆಗಿರಬೇಕು. ಕಾಲೇಜಿನ ಪಾಲಿಸಿಯಲ್ಲಿ ಮಾತ್ರ ಅಪಘಾತವಾದರೆ ಅಡ್ಮಿಟ್ ಆಗದಿದ್ದರೂ 10,000ದ ತನಕ ಕೊಡುವ ಸಾಲೊಂದಿತ್ತು. ಕಾಲೇಜ್ ಆಫೀಸಿನ ಸಹಿಗೇ ಮೂರು ವಾರ ಅಲೆದ. ಎರಡು ತಿಂಗಳು ಕಳೆದ ಮೇಲೆ ಹಣ ಬಂತು. ಬಂತು ಅನ್ನುವುದೇ ಮುಖ್ಯ, ಅಲ್ವಾ?

ನಮ್ಮದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ನಮ್ಮಂಥವರಿಗೆ ಸಿಗುವುದು ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ. 30, ಕುಟುಂಬಕ್ಕೆ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಪುಣೆಯ ಖಾಸಗಿ ಆಸ್ಪತ್ರೆಗೆ ಇದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ಉಳಿದದ್ದು ಅವನ ಹೆಸರಲ್ಲೇ ಬೇರೆ ಪಾಲಿಸಿ. ಆ ವರ್ಷ ನಮ್ಮ ಮನೆಯವರ ಪಿತ್ತಕೋಶದ ಆಪರೇಷನ್‌ಗೂ ಫ್ಲೋಟರ್‌ನಿಂದ ಒಂದು ಲಕ್ಷದ ಮೇಲೆ ಹೋಗಿತ್ತು. ಒಂದೇ ಹೊದಿಕೆ ನಾಲ್ಕು ಜನ ಎಳೆದಾಡಿದ ಹಾಗೆ. ಅಕ್ಟೋಬರ್‌ನಲ್ಲಿ ಎರಡು ಪಾಲಿಸಿ ಎದುರು ಇಟ್ಟುಕೊಂಡು ಕೂತೆ. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿದ್ದ 18 ಪರ್ಸೆಂಟ್ ಜಿಎಸ್‌ಟಿ ಸೊನ್ನೆಯಾಗಿದ್ದೂ ಒಳ್ಳೆಯದೇ ಆಯಿತು.

ಒಂದು ಆರೋಗ್ಯ ಸಂಜೀವನಿ. 2020ರಲ್ಲಿ ಬಂದದ್ದು, ಯಾವ ಕಂಪನಿಯಲ್ಲಿ ತಗೊಂಡರೂ ಷರತ್ತು ಅವೇ. ನನಗೆ ಹಿಡಿಸಿದ್ದು ಇದರಲ್ಲಿ ಜೋನ್ ಇಲ್ಲದ್ದು. ವಿಜಯಪುರಕ್ಕೂ ಪುಣೆಗೂ ಒಂದೇ ದರ. ಐದು ಲಕ್ಷಕ್ಕೆ ನನಗೆ ಹೇಳಿದ್ದು 4,200 ರೂಪಾಯಿ. ಇದನ್ನೇ ತಗೊಳ್ಳೋಣ ಅಂತ ಮುಕ್ಕಾಲು ತೀರ್ಮಾನ ಮಾಡಿದ್ದೆ. ಆಮೇಲೆ ಬಿಲ್ಲು ತೆಗೆದೆ. ರೂಮಿಗೆ ಇಲ್ಲೂ 5,000ದ ಮಿತಿ. ಅಂದರೆ ರೂಮು, ಡಾಕ್ಟರ್ ಫೀ, ಗ್ಲೌಸು ಎಲ್ಲ ಸೇರಿ ಆ 20,000ದ ಕತ್ತರಿ ಹಾಗೇ ಇದೆ. ಉಳಿದ 66,000ದ ಮೇಲೆ 5 ಪರ್ಸೆಂಟ್ ನಮ್ಮ ಪಾಲು, 3,300. ಒಟ್ಟು 23,300. ಫ್ಲೋಟರ್‌ಗಿಂತ ಉಳಿದದ್ದು ಬರೀ 3,300! ಇಷ್ಟು ದಿನ ನಾನು ಜೋನ್ ಜೋನ್ ಅಂತ ಬಡಿದುಕೊಂಡಿದ್ದೆ, ಕೈ ಕಚ್ಚಿದ್ದು ರೂಮ್.

ಇನ್ನೊಂದು ಮಾಮೂಲಿ ವೈಯಕ್ತಿಕ ಪಾಲಿಸಿ, ಪುಣೆಯ ವಿಳಾಸಕ್ಕೆ, ಬಾಡಿಗೆ ದಿನಕ್ಕೆ ಇಷ್ಟೇ ಅನ್ನದೆ ಸಿಂಗಲ್ ಪ್ರೈವೇಟ್ ರೂಮ್ ಕೊಡುವುದು. ಇದೂ ಐದು ಲಕ್ಷವೇ, ಆದರೆ ಪೂರ್ತಿ ಅವನೊಬ್ಬನಿಗೆ. ವರ್ಷಕ್ಕೆ 7,600. ಅದೇ ಬಿಲ್ಲಿಗೆ ಹಚ್ಚಿದರೆ ನಮ್ಮ ಕೈಯಿಂದ ಹೋಗುವುದು ಗ್ಲೌಸು ಮಾಸ್ಕಿನ 4,000 ಮಾತ್ರ. 3,400 ಜಾಸ್ತಿ ಕಟ್ಟಿ ಇದನ್ನೇ ತಗೊಂಡೆ.

ಇದರಲ್ಲಿ ಕ್ಲೇಮ್ ಇನ್ನೂ ಆಗಿಲ್ಲ. ಆಗದೇ ಇರಲಿ. ಆದರೂ ದೀಪಾವಳಿ ಮುಗಿಸಿ ಅವನನ್ನು ಬಿಡಲು ಹೋದಾಗ ಹಾಸ್ಟೆಲ್ ಹತ್ತಿರದ ಎರಡು ಆಸ್ಪತ್ರೆಗಳ ಇನ್ಶೂರೆನ್ಸ್ ಡೆಸ್ಕಿಗೆ ಹೋಗಿ ಕೇಳಿದೆ. ಒಂದು ಆಸ್ಪತ್ರೆ ನಮ್ಮ ವಿಮೆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿತ್ತು. ಇನ್ನೊಂದು ಇರಲಿಲ್ಲ. 2024ರ ಜನವರಿಯಿಂದ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು, ತುರ್ತು ಇದ್ದರೆ ಅಡ್ಮಿಟ್ ಆದ 48 ತಾಸಿನೊಳಗೆ ಕಂಪನಿಗೆ ತಿಳಿಸಬೇಕು. ಡೆಸ್ಕಿನಲ್ಲಿದ್ದ ಹುಡುಗಿ ಮಾತ್ರ "ಆಸ್ಪತ್ರೆಯೂ ಒಪ್ಪಬೇಕಲ್ಲ ಕಾಕಾ" ಅಂತ ಮರಾಠಿಯಲ್ಲಿ ನಕ್ಕಳು. ಪಟ್ಟಿಯಲ್ಲಿದ್ದ ಆಸ್ಪತ್ರೆಗೇ ಹೋಗು ಅಂತ ಮಗನಿಗೆ ಹೇಳಿ ಬಂದೆ.

ಫ್ಲೋಟರ್‌ನಿಂದ ಅವನ ಹೆಸರು ತೆಗೆಸಿಲ್ಲ. ಹೊಸದರಲ್ಲಿ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಮೊದಲ 30 ದಿನ ಏನೂ ಸಿಗುವುದಿಲ್ಲ, ಹರ್ನಿಯಾದಂಥವಕ್ಕೆ ಎರಡು ವರ್ಷ ಕಾಯಬೇಕು. ಅಲ್ಲಿಯ ತನಕ ಹಳೆಯದೂ ಇರಲಿ. ಕಾಲೇಜಿನದು ಹೇಗೂ ಇದ್ದೇ ಇದೆ, ಮತ್ತೆ ಕ್ರಿಕೆಟ್ ಶುರು ಮಾಡಿದ್ದಾನೆ.

ಹೊಸ ಪಾಲಿಸಿ ಕೈಗೆ ಬಂದ ದಿನ ಮೊದಲು ನೋಡಿದ್ದು ಹೆಸರು. ಮತ್ತೆ ಇನಿಶಿಯಲ್! ಆವತ್ತೇ ಆಧಾರ್ ಕಳಿಸಿ, ಪೂರ್ತಿ ಹೆಸರು ಬರುವ ತನಕ ದಿನಾ ಫೋನ್ ಮಾಡಿದೆ.