ನೀರಿನ ಬಾಟಲಿಯಲ್ಲಿ ಕೊಡುವ ‘ಪ್ಲಾಸ್ಟಿಕ್ ಅಂಟು’ ಮನೆಗೆ ತರಬೇಡಿ

ಮಾಡೆಲ್ ರೈಲು ಲೇಔಟ್, ಅಂದರೆ ಪುಟ್ಟ ರೈಲು, ಹಳಿ, ಕಟ್ಟಡಗಳ ಮಾದರಿ ಕಟ್ಟುವವರಿಗೆ, ಅದರಲ್ಲೂ ಸಿದ್ಧ ಬಿಡಿಭಾಗಗಳ ಕಿಟ್ ತರಿಸದೆ ಶೀಟ್ ಕತ್ತರಿಸಿ ಎಲ್ಲವನ್ನೂ ಕೈಯಲ್ಲೇ ಮಾಡಿಕೊಳ್ಳುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅಕ್ರಿಲಿಕ್ ಶೀಟ್, ನೇಮ್‌ಬೋರ್ಡ್ ಸಾಮಾನು ಮಾರುವ ಕೆಲವು ಅಂಗಡಿಗಳಲ್ಲಿ ಲೇಬಲ್ ಇಲ್ಲದ ಬಾಟಲಿಯಲ್ಲಿ ನೀರಿನಂಥ ಒಂದು ದ್ರವ ಕೊಡುತ್ತಾರೆ. ಪ್ಲಾಸ್ಟಿಕ್ ಅಂಟು ಅನ್ನುತ್ತಾರೆ. ನನಗೆ ಕೊಟ್ಟಿದ್ದು ಕ್ಲೋರೋಫಾರ್ಮ್. ಹೌದು, ಹಿಂದೆ ಆಪರೇಷನ್‌ಗೆ ಮೊದಲು ರೋಗಿಗೆ ಮೂಸಿಸಿ ಪ್ರಜ್ಞೆ ತಪ್ಪಿಸುತ್ತಿದ್ದರಲ್ಲ, ಅದೇ.

ನಾನು ಮಾಡುತ್ತಿರುವುದು ಭದ್ರಾವತಿಯ ಹಳೇ ಕಬ್ಬಿಣದ ಕಾರ್ಖಾನೆಯ ಒಂದು ಮೂಲೆಯ ಮಾದರಿ. 1923ರಲ್ಲಿ ಶುರುವಾದ ಕಾರ್ಖಾನೆ ಅದು. ಸುತ್ತಮುತ್ತ ಕಲ್ಲಿದ್ದಲು ಇಲ್ಲ, ಹಾಗಾಗಿ ಕಾಡಿನ ಮರದ ಇದ್ದಿಲಿನಿಂದಲೇ ಕುಲುಮೆ ಉರಿಸುತ್ತಿದ್ದರು, ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಇದಕ್ಕೆ ಯಾವ ದೇಶದ ಕಿಟ್ಟೂ ಸಿಗಲ್ಲ, ಅಲ್ವಾ? ಅದಿರು ತುಂಬುವ ತೊಟ್ಟಿ (ಹಾಪರ್), ಇದ್ದಿಲಿನ ಶೆಡ್, ಚಿಮಣಿ, ಪೈಪು, ಏಣಿ, ಕೈ ಹಿಡಿಯುವ ಕಂಬಿ, ತಗಡಿನ ಮಾಡು, ಎಲ್ಲ ನಾವೇ ಮಾಡಬೇಕು. ಅಳತೆ 1:87, ಅಂದರೆ ಒಂದು ಅಡಿಗೆ 3.5 ಮಿ.ಮೀ. ಮೂರು ಅಡಿ ಎತ್ತರದ ಕಂಬಿ ಇಲ್ಲಿ ಹತ್ತೂವರೆ ಮಿಲಿಮೀಟರ್. ಸಾಸಿವೆ ಕಾಳಿನಷ್ಟು ಅಂಟು ಹೊರಗೆ ಬಂದರೂ ಗೋಡೆಗೆ ಅರ್ಧ ಅಡಿಯ ಗಡ್ಡೆ ಮೆತ್ತಿದ ಹಾಗೆ ಕಾಣುತ್ತದೆ. ಅದಕ್ಕೇ ನಮಗೆಲ್ಲ ನೀರಿನ ಹಾಗೆ ತೆಳ್ಳಗಿರುವ ಅಂಟು ಬೇಕು. ಸಂದಿಗೆ ಬ್ರಷ್ ತಾಗಿಸಿದರೆ ತಾನೇ ಒಳಗೆ ಹರಿದು, ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ, ಎರಡು ತುಂಡನ್ನೂ ಒಂದು ಮಾಡಿಬಿಡುತ್ತದೆ. ಅಂಗಡಿಯವರಿಗೂ ಇದು ಗೊತ್ತು.

ನಾನು ಕೇಳಿದ್ದು ಮಾಡೆಲ್‌ಗೆ ಬಳಸುವ ಗಟ್ಟಿ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ ಶೀಟ್, ಗೋಡೆಗೆ ದಪ್ಪದ್ದು, ಮಾಡಿಗೆ ತೆಳುವಾದದ್ದು, ಜೊತೆಗೆ ಅಂಟು. ಆತ ಕೌಂಟರ್ ಕೆಳಗಿನಿಂದ ಕುಡಿಯುವ ನೀರಿನ ಒಂದು ಲೀಟರ್ ಬಾಟಲಿ ತೆಗೆದ. ಚೀಟಿ ಕಿತ್ತು ಹಾಕಿತ್ತು, ಅರ್ಧ ತುಂಬಿತ್ತು. ಏನಿದು ಅಂದೆ. “ಪ್ಲಾಸ್ಟಿಕ್ ಅಂಟು ಸರ್, ಎಲ್ಲರೂ ಇದನ್ನೇ ತಗೊಂಡು ಹೋಗೋದು, ಏನೂ ಆಗಲ್ಲ” ಅಂದ. ಕ್ಲೋರೋಫಾರ್ಮ್ ಅನ್ನುವ ಮಾತೇ ಬರಲಿಲ್ಲ. ಬಿಲ್ ಕೇಳಿದರೆ ಪುಸ್ತಕ ಖಾಲಿಯಂತೆ.

ಮಳೆಗಾಲ, ಕಿಟಕಿ ಮುಚ್ಚಿಕೊಂಡೇ ಕೆಲಸ. ಸ್ವಲ್ಪ ಸಿಹಿ ವಾಸನೆ, ಕೆಟ್ಟದೇನಲ್ಲ. ಆದರೆ ಕೂತು ಎದ್ದರೆ ತಲೆ ದಿಮ್ಮೆನ್ನುವುದು, ರಾತ್ರಿ ತಲೆನೋವು, ಊಟ ಸೇರದೆ ಇರುವುದು ಶುರುವಾಯಿತು. ಸಣ್ಣ ಕೆಲಸ ನೋಡಿ ನೋಡಿ ಕಣ್ಣಿಗೆ ಆಯಾಸ ಆಗಿರಬೇಕು ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ಕನ್ನಡಕವನ್ನೂ ಬದಲಾಯಿಸಿದ್ದಾಯಿತು.

ಆಮೇಲೆ ನಡೆದದ್ದು ಇನ್ನೂ ಭಯ. ಅಮ್ಮ ಕೋಣೆ ಗುಡಿಸುವಾಗ ಮೇಜಿನ ಮೇಲಿದ್ದ ಬಾಟಲಿಯನ್ನು ನೀರು ಅಂತ ಎತ್ತಿ ಫ್ರಿಜ್‌ನಲ್ಲಿ ಇಟ್ಟಿದ್ದರು. ಯಾಕೆ ಇಡಬಾರದು, ನೋಡಲು ನೀರಿನ ಬಾಟಲಿಯೇ ಅಲ್ಲವೇ? ಆಟ ಮುಗಿಸಿ ಬಂದ ಅಕ್ಕನ ಮಗ ನೇರವಾಗಿ ಅದನ್ನೇ ತೆಗೆದು ಮುಚ್ಚಳ ತಿರುಗಿಸಿದ. “ಅಜ್ಜಿ, ನೀರು ಏನೋ ವಾಸನೆ ಬರ್ತಿದೆ” ಅಂತ ಕೂಗಿದ್ದಕ್ಕೆ ಉಳಿದ. ಎತ್ತಿ ಕುಡಿಯುವ ಅಭ್ಯಾಸದ ಹುಡುಗ, ಆವತ್ತು ಮೂಸಿ ನೋಡಿದ್ದೇ ದೊಡ್ಡದು. ಬಾಟಲಿ ಕೈಗೆ ತಗೊಂಡು ನೋಡಿದರೆ ತಳದ ಕಡೆ ಪ್ಲಾಸ್ಟಿಕ್ ಹಾಲಿನ ಹಾಗೆ ಬೆಳ್ಳಗಾಗಿತ್ತು. ನೀರಿನಿಂದ ಹಾಗಾಗುವುದಿಲ್ಲ. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಗೆಳೆಯನಿಗೆ ಫೋನ್ ಮಾಡಿದೆ. ಆತ ಬಾಟಲಿಯನ್ನು ತನ್ನ ಲ್ಯಾಬ್‌ಗೆ ಒಯ್ದು, ಏನು ಅಂತ ಖಚಿತ ಮಾಡಿ, ನನಗೆ ಸರಿಯಾಗಿ ಬೈದ. ಅಂಗಡಿಯವನಿಗೆ ಬೈಯಬೇಕಿತ್ತು, ಇರಲಿ.

ಆತ ಹೇಳಿದ್ದರಲ್ಲಿ ನಿಮಗೆ ಬೇಕಾದ್ದು ಇಷ್ಟು. ಕ್ಲೋರೋಫಾರ್ಮ್ ಆವಿ ಲಿವರ್, ಕಿಡ್ನಿ ಎರಡಕ್ಕೂ ಕೆಟ್ಟದ್ದು. ಗಾಳಿಗಿಂತ ಸುಮಾರು ನಾಲ್ಕು ಪಟ್ಟು ಭಾರ, ಹಾಗಾಗಿ ನೆಲದ ಮಟ್ಟದಲ್ಲೇ ನಿಲ್ಲುತ್ತದೆ, ಕೆಳಗೆ ಕೂತು ಆಡುವ ಮಕ್ಕಳಿಗೆ ಜಾಸ್ತಿ ತೊಂದರೆ. ಬಟ್ಟೆ ಮಾಸ್ಕ್, ಕೋವಿಡ್ ಸಮಯದ ಮಾಸ್ಕ್ ಯಾವುದೂ ಆವಿಯನ್ನು ತಡೆಯಲ್ಲ. ಬೆಳಕಿಗೆ, ಗಾಳಿಗೆ ಬಿಟ್ಟರೆ ನಿಧಾನವಾಗಿ ಫಾಸ್‌ಜೀನ್ ಆಗುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದು. ಅದಕ್ಕೇ ಲ್ಯಾಬ್‌ನಲ್ಲಿ ಕಂದು ಗಾಜಿನ ಬಾಟಲಿಯಲ್ಲಿ ಇಡುತ್ತಾರೆ, ಸ್ವಲ್ಪ ಎಥನಾಲ್ ಬೆರೆಸಿರುತ್ತಾರೆ. ನಮ್ಮ ಅಂಗಡಿಯವನು ಪಾರದರ್ಶಕ ನೀರಿನ ಬಾಟಲಿಯಲ್ಲಿ ತುಂಬಿ ಕೊಡುತ್ತಾನೆ.

ಕೆಲಸವಾದರೂ ಚೆನ್ನಾಗಿ ಆಯಿತಾ ಅಂದರೆ ಅದೂ ಇಲ್ಲ. ತೆಳು ಶೀಟಿಗೆ ಇದು ತೀರಾ ಜೋರು. ತಗಡಿನ ಮಾಡಿನ ಅಂಚೆಲ್ಲ ಕರಗಿ ಸೊಟ್ಟಗಾಯಿತು. ಇನ್ನು ದಪ್ಪ ಶೀಟಿನದು ಬೇರೆಯೇ ಮೋಸ. ಹಾಪರ್‌ನ ಗೋಡೆಗಳನ್ನು ಲೇಸರ್‌ನಲ್ಲಿ ಕತ್ತರಿಸಿಕೊಡಿ ಅಂತ ಒಬ್ಬರ ಹತ್ತಿರ ಒಯ್ದರೆ ಅವರು ಅಂಚು ನೋಡಿದ ಕೂಡಲೇ ಆಗಲ್ಲ ಅಂದರು. ಅದು ಪಾಲಿಸ್ಟೈರೀನ್ ಅಲ್ಲವೇ ಅಲ್ಲ, ಪಿವಿಸಿ ಫೋಮ್, ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಪ್ಲಾಸ್ಟಿಕ್, ಸನ್‌ಬೋರ್ಡ್ ಅಂತಾರಲ್ಲ ಅದು. ಪಿವಿಸಿಗೆ ಲೇಸರ್ ಬಿಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನ್ನುವ ಆಮ್ಲದ ಅನಿಲ ಬರುತ್ತದೆ. ಮೆಷಿನ್ನೂ ತುಕ್ಕು ಹಿಡಿಯುತ್ತದೆ, ಎದೆಯೂ ಉರಿಯುತ್ತದೆ. ಪುಣ್ಯಾತ್ಮ, ದುಡ್ಡು ಬರುತ್ತೆ ಅಂತ ಸುಮ್ನೆ ಕತ್ತರಿಸಿ ಕೊಡಲಿಲ್ಲ.

ಶೀಟ್ ತಗೊಳ್ಳುವಾಗ ಒಂದು ಚೂರು ಕೇಳಿ ನೀರಿನ ಲೋಟದಲ್ಲಿ ಮುಳುಗಿಸಿ ಬಿಡಿ. ಫೋಮ್ ಆದರೆ ತೇಲಿ ಮೇಲೆ ಬರುತ್ತದೆ, ಗಟ್ಟಿ ಪಾಲಿಸ್ಟೈರೀನ್ ಆದರೆ ನಿಧಾನವಾಗಿ ಮುಳುಗುತ್ತದೆ. ಗಟ್ಟಿ ಪಿವಿಸಿಯೂ ಮುಳುಗುತ್ತದೆ, ಅದನ್ನು ಉಪ್ಪು ನೀರಿನಲ್ಲಿ ನೋಡಬೇಕು. ಇನ್ನು ಕರಗದು ಅನ್ನುವಷ್ಟು ಉಪ್ಪು ಹಾಕಿದ ನೀರಿನಲ್ಲಿ ಪಾಲಿಸ್ಟೈರೀನ್ ತೇಲುತ್ತದೆ, ಪಿವಿಸಿ ತೇಲಲ್ಲ. ಬೆಂಕಿ ಹಚ್ಚಿ ನೋಡಲು ಹೋಗಬೇಡಿ.

ಅಂಟಿಗೆ ಮಾಡೆಲ್ ಸಾಮಾನಿನ ಅಂಗಡಿಯ, ಲೇಬಲ್ ಇರುವ, ಒಳಗೆ ಏನಿದೆ ಅಂತ ಬರೆದಿರುವ ಸಣ್ಣ ಗಾಜಿನ ಬಾಟಲಿಯನ್ನೇ ತಗೊಳ್ಳಿ. ದುಬಾರಿ, ಒಪ್ಪುತ್ತೇನೆ. ಆದರೆ ಒಂದು ಬಾಟಲಿ ಬಹಳ ದಿನ ಬರುತ್ತದೆ. ಅದಕ್ಕೂ ಕಿಟಕಿ ತೆರೆದಿರಲಿ. ಫೋಮ್ ಶೀಟಿಗೆ ಸೂಪರ್ ಗ್ಲೂ ಸಾಕು, ಆದರೆ ಚೆಲ್ಲಿದ್ದನ್ನು ಹತ್ತಿಯಲ್ಲಿ ಒರೆಸಬೇಡಿ, ಹತ್ತಿ ಬಿಸಿಯಾಗಿ ಹೊಗೆಯಾಡುತ್ತದೆ. ಕೈ ಹಿಡಿಯುವ ಕಂಬಿಗೆ ಹಿತ್ತಾಳೆ ತಂತಿ ಹಾಕಿ ಬೆಸುಗೆ ಮಾಡುವುದೇ ವಾಸಿ. ಪೈಪಿಗೆ ಬಾಲ್‌ಪೆನ್ ರಿಫಿಲ್ ಬೇಡ, ಅದಕ್ಕೆ ಅಂಟೂ ಹಿಡಿಯಲ್ಲ, ಬಣ್ಣವೂ ನಿಲ್ಲಲ್ಲ.

ಈಗಾಗಲೇ ಅಂಥ ಬಾಟಲಿ ಮನೆಯಲ್ಲಿದ್ದರೆ ಸಿಂಕಿಗೆ ಸುರಿಯಬೇಡಿ. ಗುರುತಿನ ಕಾಲೇಜು ಲ್ಯಾಬ್‌ನವರನ್ನು ಕೇಳಿ. ಅಲ್ಲಿಯವರೆಗೆ ದೊಡ್ಡದಾಗಿ ‘ವಿಷ’ ಅಂತ ಬರೆದು, ಅಡುಗೆಮನೆಯಿಂದ ದೂರ, ಬೀಗ ಹಾಕುವ ಜಾಗದಲ್ಲಿ ಇಡಿ.

ಅಂಗಡಿಗೆ ವಾಪಸ್ ಹೋಗಿದ್ದೆ. ಬಿಲ್ ಇಲ್ಲದೆ ಏನೂ ಮಾಡಕ್ಕಾಗಲ್ಲ ಸರ್ ಅಂದ. ಉಳಿದ ಫೋಮ್ ಶೀಟ್ ನನ್ನ ಹತ್ತಿರವೇ ಇದೆ. ಲೇಔಟಿನ ಗುಡ್ಡದ ಅಡಿಗೆ ಹಾಕಲು ಯಾರಿಗಾದರೂ ಬೇಕಿದ್ದರೆ ಹೇಳಿ, ದುಡ್ಡು ಬೇಡ.