ಗ್ರೆನಡಾದಲ್ಲಿ ದೋಣಿ ಬಿಟ್ಟು ಊರಿಗೆ ಹೊರಟಿದ್ದೀರಾ? ಬೀಗದ ಕೈ ಯಾರಿಗೆ ಕೊಡ್ತೀರಿ ನೋಡ್ಕೊಳ್ಳಿ

ಕೆರಿಬಿಯನ್ ಕಡೆ ಹಾಯಿದೋಣಿಯಲ್ಲೇ ಸಂಸಾರ ಮಾಡುತ್ತಿರುವ ಕನ್ನಡದವರು ಕೆಲವರಾದರೂ ಇದನ್ನು ಓದುತ್ತೀರಿ. ಬರಬೇಕು ಅಂತ ಆಸೆಪಡುವವರು ಇನ್ನೂ ಜಾಸ್ತಿ, ನನಗೆ ಬರುವ ಮೆಸೇಜುಗಳಿಂದಲೇ ಗೊತ್ತು. ಇದು ನಿಮಗಾಗಿ. ದೋಣಿಯನ್ನು ಬೇರೆಯವರ ಕೈಗೆ ಒಪ್ಪಿಸಿ ಊರಿಗೆ ಹೋಗುವ ಮುಂಚೆ ಪೂರ್ತಿ ಓದಿ. ಆ ಬೇರೆಯವರು ದಿನಾ ಸಂಜೆ ನಿಮ್ಮ ಜೊತೆ ಕೂತು ಹರಟುವ, ನಿಮ್ಮ ಕೈಯಡುಗೆ ಉಂಡ, ಪಕ್ಕದಲ್ಲೇ ಲಂಗರು ಹಾಕಿರುವ ಸ್ನೇಹಿತರಾಗಿದ್ದರೆ ಎರಡು ಸಲ ಓದಿ.

ನಾವು ಕೆರಿಬಿಯನ್‌ನ ಗ್ರೆನಡಾ ದ್ವೀಪದ ದಕ್ಷಿಣ ಭಾಗದ ಒಂದು ಕೊಲ್ಲಿಯಲ್ಲಿದ್ದೆವು. ಅಲ್ಲಿ ಇದ್ದವರಿಗೆ ಗೊತ್ತು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ದಕ್ಷಿಣಕ್ಕೆ ಇಳಿಯಿರಿ ಅಂತ ಇನ್ಶೂರೆನ್ಸ್‌ನವರು ಹೇಳುತ್ತಾರೆ. ಹಾಗಾಗಿ ಪ್ರಿಕ್ಲಿ ಬೇ, ಹಾಗ್ ಐಲ್ಯಾಂಡ್, ವೋಬರ್ನ್ ಕಡೆ ದೋಣಿಗಳು ಒಟ್ಟೊಟ್ಟಿಗೆ ಬಂದು ನಿಲ್ಲುತ್ತವೆ. ನೀರಿನ ಮೇಲೆ ಒಂದು ಊರೇ ಆಗಿಬಿಡುತ್ತದೆ. ಬೆಳಿಗ್ಗೆ ಏಳೂವರೆಗೆ, ದೋಣಿಯಿಂದ ದೋಣಿಗೆ ಮಾತಾಡುವ ವಿ.ಎಚ್.ಎಫ್. ರೇಡಿಯೋದ 66ನೇ ಚಾನೆಲ್‌ನಲ್ಲಿ ಎಲ್ಲರೂ ಸೇರುತ್ತಾರೆ. ಹವಾಮಾನ, ಹೊಸದಾಗಿ ಬಂದವರು, ಹೊರಟವರು, ಯಾರ ಹತ್ತಿರ ಹಳೇ ಹಗ್ಗ ಮಾರಾಟಕ್ಕಿದೆ, ಎಲ್ಲ ಅಲ್ಲೇ. ಶನಿವಾರ ಬಸ್ ಹತ್ತಿ ರಾಜಧಾನಿ ಸೇಂಟ್ ಜಾರ್ಜ್ಸ್‌ನ ಸಂತೆ. ಮಧ್ಯಾಹ್ನ ಡಾಮಿನೋ ಆಟ. ಸಂಜೆ ಸೂರ್ಯ ಇಳಿಯುವ ಹೊತ್ತಿಗೆ ಯಾರದೋ ಒಂದು ದೋಣಿಯಲ್ಲಿ ಕೂಟ, ಒಬ್ಬೊಬ್ಬರು ಒಂದೊಂದು ತಿಂಡಿ ತರುವುದು.

ಆ ಮನುಷ್ಯ ನಮಗೆ ಪರಿಚಯವಾಗಿದ್ದು ಹೀಗೇ. ಹೆಸರು ಹೇಳುವುದಿಲ್ಲ. ನಮಗಿಂತ ಮುಂಚಿನಿಂದ ಅಲ್ಲಿದ್ದವನು. ರೇಡಿಯೋದಲ್ಲಿ ಯಾರಾದರೂ ಸಹಾಯ ಕೇಳಿದರೆ ಮೊದಲ ಉತ್ತರ ಅವನದೇ. ಸಮುದ್ರದ ನೀರನ್ನು ಸಿಹಿನೀರು ಮಾಡುವ ನಮ್ಮ ವಾಟರ್‌ಮೇಕರ್ ಕೆಟ್ಟಾಗ ತಾನಾಗಿಯೇ ಬಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು ರಿಪೇರಿ ಮಾಡಿಕೊಟ್ಟ, ಒಂದು ಡಾಲರ್ ಮುಟ್ಟಲಿಲ್ಲ. ನಾನು ಕಾರ್ಕಳದವಳು. ಗ್ರೆನಡಾದಲ್ಲೂ ಜೀಗುಜ್ಜೆ, ಅಂದರೆ ದೀವಿಹಲಸು, ಧಾರಾಳ. ಅಲ್ಲಿಯವರು ಆಯಿಲ್ ಡೌನ್ ಅಂತ ಅದನ್ನು ತೆಂಗಿನಹಾಲಿನಲ್ಲಿ ಬೇಯಿಸುತ್ತಾರೆ, ನಾನು ಪೋಡಿ (ಬಜ್ಜಿ) ಕರಿಯುತ್ತಿದ್ದೆ. ಅವನು ತಟ್ಟೆ ಖಾಲಿ ಮಾಡಿ ಇನ್ನೊಂದಿಷ್ಟು ಅನ್ನುತ್ತಿದ್ದ. ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಅಪರಿಚಿತನ ಕೈಗೆ ದೋಣಿ ಕೊಟ್ಟೆವು ಅಂತ ಯಾರೂ ಅಂದುಕೊಳ್ಳಬಾರದು. ಅಲ್ಲಿ ಎಲ್ಲರೂ ಕೊಡುವ ಹಾಗೆಯೇ ಕೊಟ್ಟೆವು.

ಜುಲೈನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ತಕ್ಷಣ ಹೊರಡಬೇಕಿತ್ತು. ದೋಣಿಯನ್ನು ದಡಕ್ಕೆ ಎತ್ತಿಸಿ ನಿಲ್ಲಿಸೋಣ ಅಂದರೆ ಅದಕ್ಕಿರುವ ಯಾರ್ಡ್‌ಗಳೆಲ್ಲ ಭರ್ತಿ. ಚಂಡಮಾರುತದ ಕಾಲಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಬುಕ್ ಆಗಿರುತ್ತವೆ. ನಾನು ಅಳುತ್ತಾ ಕೂತಿದ್ದೆ. ಆಗ ಅವನೇ ಬಂದು ಹೇಳಿದ್ದು: "ನೀವು ಅಮ್ಮನ ಹತ್ತಿರ ಹೋಗಿ. ದೋಣಿಯ ಯೋಚನೆ ನನಗೆ ಬಿಡಿ."

ತಿಂಗಳಿಗೆ 300 ಅಮೆರಿಕನ್ ಡಾಲರ್, ಮೂರು ತಿಂಗಳದ್ದು ಮುಂಗಡ, ನಗದು. ವಾರಕ್ಕೊಮ್ಮೆ ಒಳಗೆ ಹೋಗಿ ಗಾಳಿಯಾಡಿಸುವುದು, ಎಂಜಿನ್ ಓಡಿಸುವುದು, ಬಿಲ್ಜ್ ಅಂದರೆ ದೋಣಿಯ ತಳದಲ್ಲಿ ನೀರು ಸೇರುವ ಜಾಗ, ಅದರ ಪಂಪ್ ನೋಡುವುದು, ದೋಣಿಯನ್ನು ಸಮುದ್ರತಳಕ್ಕೆ ಕಟ್ಟಿ ನಿಲ್ಲಿಸುವ ಮೂರಿಂಗ್ ಹಗ್ಗ ಉಜ್ಜಿಹೋಗಿದೆಯಾ ನೋಡುವುದು, ತಳದ ಪಾಚಿ ಕೆರೆಯುವುದು, ಫೋಟೋ ಕಳಿಸುವುದು. ಬಿರುಗಾಳಿ ಬರುವ ಸೂಚನೆ ಸಿಕ್ಕಿದರೆ ಎಗ್ಮಾಂಟ್ ಕೊಲ್ಲಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಒಯ್ದು ಕಟ್ಟುವುದು. ಎಲ್ಲಕ್ಕೂ ಹೂಂ ಅಂದ. ಬರೆದುಕೊಡ್ತೀರಾ ಅಂತ ನಮ್ಮನೆಯವರು ಕೇಳಿದರು. "ನಮ್ಮ ನಮ್ಮಲ್ಲಿ ಕಾಗದ ಯಾಕೆ?" ಅಂದ. ಈ ಮಾತು ನೆನಪಿಟ್ಟುಕೊಳ್ಳಿ. ಯಾರ ಬಾಯಲ್ಲಿ ಈ ಮಾತು ಬಂದರೂ ನೆನಪಿಟ್ಟುಕೊಳ್ಳಿ.

ಊರಿಗೆ ಬಂದ ಮೇಲೆ ಆಸ್ಪತ್ರೆ, ಆಪರೇಷನ್, ಅಮ್ಮನನ್ನು ಎಬ್ಬಿಸಿ ನಡೆಸುವುದು. ಪ್ರತಿ ಭಾನುವಾರ ಅವನಿಂದ ಫೋಟೋ ಬರುತ್ತಿತ್ತು. ನೀಲಿ ನೀರು, ನಮ್ಮ ದೋಣಿ, ಮೇಲೆ ಬಿಸಿಲು. "ಎಲ್ಲ ಚೆನ್ನಾಗಿದೆ, ಅಮ್ಮ ಹೇಗಿದ್ದಾರೆ?" ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಆ ಫೋಟೋ ನೋಡಿದಾಗ ಎಷ್ಟು ಸಮಾಧಾನ ಆಗುತ್ತಿತ್ತು! ಅಮ್ಮನಿಗೂ ತೋರಿಸುತ್ತಿದ್ದೆ. "ಒಳ್ಳೇ ಜನ ಸಿಕ್ಕಿದ್ದಾರೆ ನಿಮಗೆ" ಅನ್ನುತ್ತಿದ್ದರು. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು.

ಆಗಸ್ಟ್‌ನಲ್ಲಿ ಒಂದು ಫೋಟೋ ಬಂತು. ಅಮ್ಮನೇ ಹಿಡಿದುಕೊಂಡು ನೋಡುತ್ತಿದ್ದರು. "ಇದೇನೇ, ಕರಿಬೇವಿನ ಗಿಡ ಅಲ್ವಾ? ಚೆನ್ನಾಗಿ ಬಂದಿದೆ" ಅಂದರು.

ನನಗೆ ಕೈಕಾಲು ತಣ್ಣಗಾಯಿತು. ಆ ಕರಿಬೇವಿನ ಗಿಡ ಸಂತೆಯಲ್ಲಿ ಪರಿಚಯವಾದ ಟ್ರಿನಿಡಾಡ್ ಮೂಲದ ಹೆಂಗಸೊಬ್ಬರು ಕೊಟ್ಟಿದ್ದು. ದೋಣಿಯ ಹಿಂಭಾಗದಲ್ಲಿ ಕಂಬಿಗೆ ಕಟ್ಟಿ ಬೆಳೆಸಿದ್ದೆ. ಹೊರಡುವ ಹಿಂದಿನ ದಿನ ಅದನ್ನು ಪ್ರಿಕ್ಲಿ ಬೇಯಲ್ಲಿದ್ದ ನನ್ನ ಗೆಳತಿಯ ದೋಣಿಗೆ ನಾನೇ ಒಯ್ದು ಕೊಟ್ಟಿದ್ದೆ. ಅದು ಈ ಭಾನುವಾರದ ಫೋಟೋದಲ್ಲಿ ಹೇಗೆ ಇರುತ್ತದೆ? ಫೋನ್ ಕಿತ್ತುಕೊಂಡು ದೊಡ್ಡದು ಮಾಡಿ ನೋಡಿದೆ. ನೆರಳಿನ ಬಟ್ಟೆ ಮೇಲೆ ಕಟ್ಟಿದೆ. ಅದನ್ನೂ ನಾವು ಬಿಚ್ಚಿ ಒಳಗಿಟ್ಟಿದ್ದೆವು. ಮುಂಭಾಗದ ಹಾಯಿ ಅದರ ಜಾಗದಲ್ಲೇ ಸುತ್ತಿದೆ. ಅದನ್ನೂ ಇಳಿಸಿದ್ದೆವು. ಗಾಳಿಯ ಕಾಲದಲ್ಲಿ ಎಲ್ಲರೂ ಇಳಿಸುತ್ತಾರೆ.

ಹಿಂದಿನ ಫೋಟೋಗಳನ್ನೆಲ್ಲ ತೆಗೆದು ನೋಡಿದೆವು. ಎಲ್ಲ ಹಳೆಯವು. ನಾವು ಅಲ್ಲಿದ್ದಾಗಲೇ ತೆಗೆದಿಟ್ಟುಕೊಂಡವು. ಉಳಿದವುಗಳಲ್ಲಿ ಗಿಡ ಕಾಣದ ಕಡೆಯಿಂದ ತೆಗೆದಿದ್ದ, ಅಷ್ಟೇ. ಅಂದರೆ ನಾವು ಅಲ್ಲಿ ಅವನಿಗೆ ಊಟ ಬಡಿಸುತ್ತಿದ್ದಾಗಲೇ ಇವನು ಫೋಟೋ ತೆಗೆದಿಟ್ಟುಕೊಂಡಿದ್ದನಾ? ಗೊತ್ತಿಲ್ಲ. ಯೋಚನೆ ಮಾಡಿದರೆ ನಿದ್ದೆ ಬರುವುದಿಲ್ಲ. ವಾರ ವಾರ ಅಮ್ಮನ ಆರೋಗ್ಯ ವಿಚಾರಿಸುತ್ತಾ ಹಳೇ ಫೋಟೋ ಕಳಿಸುತ್ತಿದ್ದ. ಅಮ್ಮನ ಆರೋಗ್ಯ ವಿಚಾರಿಸುತ್ತಾ!

ಮೆಸೇಜ್ ಹಾಕಿದೆ. ಅವನ ಉತ್ತರಗಳು ಇಲ್ಲಿವೆ, ಒಂದಾದ ಮೇಲೊಂದು.

ಮೊದಲು: "ಓ, ತಪ್ಪಾಗಿ ಹಳೇ ಫೋಟೋ ಹೋಗಿದೆ. ಹೊಸದು ಕಳಿಸ್ತೀನಿ." ಹೊಸದು ಬರಲಿಲ್ಲ.

ಆಮೇಲೆ: "ಇಲ್ಲಿ ಇಂಟರ್ನೆಟ್ ಸರಿಯಿಲ್ಲ." ಅದೇ ದಿನ ಅವನು ಬೇರೆ ಕಡೆ ಪಾರ್ಟಿಯ ವಿಡಿಯೋ ಹಾಕಿದ್ದ.

ವಿಡಿಯೋ ಕಾಲ್ ಮಾಡಿ ಒಳಗಿನ ಬಿಲ್ಜ್ ತೋರಿಸಿ ಅಂದೆವು. "ಈಗ ರಾತ್ರಿ" ಅಂದ. ನಮಗೂ ಅಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಅವನಿಗೆ ಬೆಳಿಗ್ಗೆ ಆಗಲಿ ಅಂತ ಕಾದು, ಇಲ್ಲಿ ಸಂಜೆ ಐದಕ್ಕೆ, ಅಂದರೆ ಅಲ್ಲಿ ಏಳೂವರೆಗೆ ಫೋನ್ ಮಾಡಿದೆವು. ಎತ್ತಲಿಲ್ಲ. ರೇಡಿಯೋದಲ್ಲಿ ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳುತ್ತಿದ್ದನಂತೆ. ಗೆಳತಿ ಕೇಳಿಸಿಕೊಂಡಿದ್ದಾಳೆ.

ಕೊನೆಗೆ ಉದ್ದದ ಮೆಸೇಜ್: "ನಿಮ್ಮ ಅಮ್ಮನ ಚಿಂತೆಯಿಂದ ನಿಮಗೆ ಎಲ್ಲದರಲ್ಲೂ ಸಂಶಯ ಬರುತ್ತಿದೆ. ಸ್ನೇಹಿತರ ಹತ್ತಿರ ಲೆಕ್ಕ ಕೇಳುವವರು ನೀವು ಅಂತ ಗೊತ್ತಿರಲಿಲ್ಲ. ನನಗೆ ತುಂಬಾ ಬೇಜಾರಾಗಿದೆ."

ಅವನಿಗೆ ಬೇಜಾರಂತೆ!

ಅಷ್ಟರಲ್ಲಿ ಅಟ್ಲಾಂಟಿಕ್‌ನಲ್ಲಿ ಒಂದು ಗಾಳಿ ಎದ್ದಿತು. ಅಮೆರಿಕದ ನ್ಯಾಷನಲ್ ಹರಿಕೇನ್ ಸೆಂಟರ್ ನಕ್ಷೆಯಲ್ಲಿ ಕಿತ್ತಳೆ ಬಣ್ಣ, ಅಂದರೆ ಬಿರುಗಾಳಿಯಾಗಿ ಬೆಳೆಯಬಹುದು ಅಂತ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗ್ರೆನಡಾಕ್ಕೇ ಸೇರಿದ ಕ್ಯಾರಿಯಾಕೂ ದ್ವೀಪದ ಮೇಲೆ ಬಂದಿದ್ದು ನೆನಪಿರುವವರಿಗೆ ಆ ಬಣ್ಣ ನೋಡಿದರೆ ಏನಾಗುತ್ತದೆ ಗೊತ್ತು. ಅಲ್ಲಿನ ಟಿರೆಲ್ ಬೇಯ ಕಾಂಡ್ಲಾ ನಡುವೆ ಕಟ್ಟಿದ್ದ ದೋಣಿಗಳೂ ಒಂದರ ಮೇಲೊಂದು ಬಿದ್ದಿದ್ದವು. ಗ್ರೆನಡಾದ ಹಳಬರು 2004ರ ಇವಾನ್ ಚಂಡಮಾರುತದ ಕಥೆ ಇನ್ನೂ ಹೇಳುತ್ತಾರೆ. ಅವನಿಗೆ ಮತ್ತೆ ಮತ್ತೆ ಫೋನ್ ಮಾಡಿದೆವು. ಉತ್ತರ ಬಂತು: "ಎಗ್ಮಾಂಟ್‌ಗೆ ಒಯ್ದು ಕಟ್ಟಿದ್ದೇನೆ. ನಾಲ್ಕು ಹಗ್ಗ. ಹಗ್ಗಕ್ಕೆ 150 ಡಾಲರ್ ಆಯ್ತು, ಕಳಿಸಿ."

ಈ ಸಲ ಗೆಳತಿಗೆ ಹೇಳಿದೆ. ಪಾಪ, ತನ್ನ ದೋಣಿಯನ್ನೇ ಭದ್ರ ಮಾಡುವ ಗಡಿಬಿಡಿಯಲ್ಲೂ ಡಿಂಗಿ (ದಡಕ್ಕೆ ಓಡಾಡುವ ಪುಟ್ಟ ದೋಣಿ) ತೆಗೆದುಕೊಂಡು ಹೋಗಿ ನೋಡಿದಳು. ನಮ್ಮ ದೋಣಿ ಇದ್ದ ಜಾಗದಲ್ಲೇ ಇತ್ತು. ಅದೇ ಮೂರಿಂಗ್. ಅಲುಗಾಡಿಸಿಯೇ ಇಲ್ಲ. ಹಗ್ಗ ಉಜ್ಜಿ ಉಜ್ಜಿ ನಾರು ನಾರಾಗಿತ್ತು. ಅವಳೇ ತನ್ನ ಹತ್ತಿರವಿದ್ದ ಹಗ್ಗ ಹಾಕಿ ಕಟ್ಟಿ ಬಂದಳು. ಗಾಳಿ ಉತ್ತರಕ್ಕೆ ತಿರುಗಿತು, ದೋಣಿ ಉಳಿಯಿತು. ಅವಳಿಂದ ಉಳಿಯಿತು. ಅವನು ಕೇಳಿದ 150 ಡಾಲರ್ ಯಾವ ಹಗ್ಗಕ್ಕೆ? ಕೇಳಿದೆ. "ನೀವು ನನ್ನ ಮೇಲೆ ಗೂಢಚಾರರನ್ನು ಬಿಟ್ಟಿದ್ದೀರಾ?" ಅಂತ ಉತ್ತರ.

ಇನ್ನೊಂದು ವಿಷಯವೂ ಅವಳಿಂದ ಗೊತ್ತಾಯಿತು. ನಮ್ಮ ಡಿಂಗಿ, ಹದಿನೈದು ಎಚ್‌ಪಿ ಎಂಜಿನ್ ಸಮೇತ, ದಿನಾ ಸಂಜೆ ಡಾಕಿನಲ್ಲಿ ಇರುತ್ತಿತ್ತಂತೆ. ನಾವು ಎಂಜಿನ್ ಬಿಚ್ಚಿ ಬೀಗ ಹಾಕಿ ಬಂದಿದ್ದೆವು. "ಓಡಿಸದಿದ್ದರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ, ನಿಮಗೆ ಉಪಕಾರ ಮಾಡಿದೆ" ಅಂದ. ದೋಣಿಯ ಎಂಜಿನ್ ಒಂದು ಸಲವೂ ಚಾಲೂ ಮಾಡಿಲ್ಲ, ಡಿಂಗಿಯ ಎಂಜಿನ್ ಮೇಲೆ ಅಷ್ಟು ಕಾಳಜಿ!

ಅಮ್ಮ ಕೋಲು ಹಿಡಿದು ನಡೆಯುವ ಹಾಗಾದ ಮೇಲೆ ವಾಪಸ್ ಬಂದೆವು. ಬಾಗಿಲು ತೆಗೆದಾಗ ಬಂದ ವಾಸನೆ ಹೇಳಲು ಬರುವುದಿಲ್ಲ. ಹಾಸಿಗೆ, ಬಟ್ಟೆ, ಪುಸ್ತಕ, ಮರದ ಗೋಡೆ, ಎಲ್ಲ ಕಡೆ ಕಪ್ಪು ಬೂಷ್ಟು. ಬಿಲ್ಜ್ ಪಂಪಿನ ಸ್ವಿಚ್ ಸಿಕ್ಕಿಹಾಕಿಕೊಂಡು ಮಳೆನೀರು ನೆಲದ ಹಲಗೆ ಮುಟ್ಟಿತ್ತು. ಸ್ಟಾರ್ಟರ್ ಬ್ಯಾಟರಿ ನೀರಲ್ಲಿ ಕೂತು ಸತ್ತಿತ್ತು. ಪ್ರೊಪೆಲರ್ ಚಿಪ್ಪು ಕಟ್ಟಿಕೊಂಡು ಕಲ್ಲಿನ ಮುದ್ದೆ ಆಗಿತ್ತು. ನಾನು ಊರಿಂದ ತಂದಿಟ್ಟಿದ್ದ ಕುಚ್ಚಲಕ್ಕಿ ಪೂರ್ತಿ ಹುಳ. ಒಂದು ಸಲ, ಒಂದೇ ಒಂದು ಸಲ ಒಳಗೆ ಹೋಗಿದ್ದರೆ ಆ ನೀರು ಕಾಣುತ್ತಿತ್ತು. ಒಂದು ಸಲವೂ ಹೋಗಿಲ್ಲ. ಇನ್ಶೂರೆನ್ಸ್‌ನವರು ಇದು ನಿಧಾನವಾಗಿ ಆದ ಹಾಳು, ಅವಘಡ ಅಲ್ಲ ಅಂದರು. ನೋಡಿಕೊಳ್ಳುತ್ತಿದ್ದವರು ಯಾರು, ಒಪ್ಪಂದ ಎಲ್ಲಿ ಅಂತ ಕೇಳಿದರು. ಕಾಗದ ಇದ್ದರೆ ತಾನೇ ಕೊಡುವುದು.

ದುಡ್ಡು ಹೋದರೂ ಹೋಗಲಿ. ನನಗೆ ಜಾಸ್ತಿ ನೋವಾಗಿದ್ದು ಆಮೇಲೆ. ಸಂಜೆಯ ಕೂಟದಲ್ಲಿ ನಡೆದಿದ್ದನ್ನು ಹೇಳಿದೆವು. ಫೋಟೋಗಳನ್ನು ತೋರಿಸಿದೆವು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, "ಅವನ ಕಡೆಯ ಮಾತೂ ಇರುತ್ತದೆ" ಅಂದರು. ಇನ್ನೊಬ್ಬರು ಮಳೆಯ ವಿಷಯ ತೆಗೆದರು. ರೇಡಿಯೋದಲ್ಲಿ ಹೇಳೋಣ ಅಂದರೆ, ಅಲ್ಲಿ ಹೆಸರು ಹಿಡಿದು ದೂರುವ ಹಾಗಿಲ್ಲ ಅಂದರು. ಸಣ್ಣ ಜಾಗ, ಎಲ್ಲರಿಗೂ ಅವನಿಂದ ಏನೋ ಒಂದು ಕೆಲಸ ಆಗಬೇಕು. ನಾಳೆ ಅವರ ಜನರೇಟರ್ ಕೆಟ್ಟರೆ ಬರುವವನು ಅವನೇ. ಆ ವಾರದಿಂದ ನಮಗೆ ಕರೆಯುವುದು ಕಡಿಮೆಯಾಯಿತು. ಡಾಮಿನೋ ಆಟಕ್ಕೆ ಹೋದರೆ ಅವನು ಮಧ್ಯದಲ್ಲಿ ಕೂತು ನಗುತ್ತಿದ್ದ, ನಾವು ಕಳ್ಳರ ಹಾಗೆ ಬಾಗಿಲಲ್ಲಿ ನಿಂತಿದ್ದೆವು. ಮೋಸ ಮಾಡಿದವನು ಅವನು, ತಲೆ ತಗ್ಗಿಸಬೇಕಾಗಿ ಬಂದಿದ್ದು ನಮಗೆ. ಇದು ಯಾವ ನ್ಯಾಯ?

ಕೊನೆಗೆ ದೋಣಿ ಸ್ವಚ್ಛ ಮಾಡಲು ಬಂದ ವೋಬರ್ನ್‌ನ ಸ್ಥಳೀಯ ಹುಡುಗ ಹೇಳಿದ: "ಅಕ್ಕಪಕ್ಕದ ದೋಣಿಯವರಿಗೆ ಯಾಕೆ ಕೊಡ್ತೀರಿ? ಅವರಿಗೆ ಇಲ್ಲಿ ಕೂಲಿ ಪಡೆದು ಕೆಲಸ ಮಾಡಲು ಪರ್ಮಿಟ್ ಇರುತ್ತಾ? ನಾಳೆ ಲಂಗರು ಎತ್ತಿ ಹೋದರೆ ಎಲ್ಲಿ ಹುಡುಕ್ತೀರಿ? ನನ್ನ ಮನೆ ಇಲ್ಲೇ ಇದೆ." ಸರಿಯಾದ ಮಾತು. ರಸೀದಿ ಕೊಟ್ಟು ದುಡ್ಡು ತೆಗೆದುಕೊಂಡವನು ಅವನೊಬ್ಬನೇ.

ಆದ್ದರಿಂದ, ಅಲ್ಲಿ ಮನೆಮಠ ಇರುವ, ಇದನ್ನೇ ಕಸುಬಾಗಿ ಮಾಡುವ ಸ್ಥಳೀಯರಿಗೆ ಕೊಡಿ. ಬರವಣಿಗೆಯಲ್ಲಿ ಕೊಡಿ. ಪೂರ್ತಿ ಮುಂಗಡ ಕೊಡಬೇಡಿ. ಹೊರಗಿನ ಚಂದದ ಫೋಟೋ ಬೇಡವೇ ಬೇಡ, ಬಿಲ್ಜ್ ತೋರಿಸಿ ಅಂತ ವಿಡಿಯೋ ಕಾಲಿನಲ್ಲೇ ಕೇಳಿ. ಇನ್ನೊಂದು ಕೀ ಬೇರೆ ಕೊಲ್ಲಿಯಲ್ಲಿರುವ ಬೇರೆಯವರ ಹತ್ತಿರ ಇರಲಿ, ಅದು ಮೊದಲನೆಯವರಿಗೆ ಗೊತ್ತಿರಲಿ. ಡಿಂಗಿಯ ಎಂಜಿನ್ ಬಿಚ್ಚಿ ಯಾವುದಾದರೂ ಅಂಗಡಿಯವರ ಹತ್ತಿರ ಇಡಿ. ಲೆಕ್ಕ ಕೇಳಿದಾಗ ಸ್ನೇಹದ ಮಾತು ತೆಗೆಯುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಅವನು ಇನ್ನೂ ಅಲ್ಲೇ ಇದ್ದಾನೆ. ಬರುವ ಜೂನ್‌ಗೆ ಇನ್ನೂ ಕೆಲವು ದೋಣಿಗಳನ್ನು ಒಪ್ಪಿಕೊಳ್ಳುತ್ತಿದ್ದಾನೆ ಅಂತ ಗೆಳತಿ ಹೇಳಿದಳು. ಗ್ರೆನಡಾದ ದಕ್ಷಿಣದ ಕೊಲ್ಲಿಗಳಲ್ಲಿ ದೋಣಿ ಬಿಟ್ಟು ಊರಿಗೆ ಹೊರಡುವವರು ಯಾರಾದರೂ ಇದ್ದರೆ, ದುಡ್ಡು ಕೊಡುವ ಮುಂಚೆ ನನಗೆ ಒಂದು ಮೆಸೇಜ್ ಹಾಕಿ. ಅವನು ಕಳಿಸಿದ ಫೋಟೋ, ಮೆಸೇಜ್ ಎಲ್ಲ ಇಟ್ಟಿದ್ದೇನೆ, ತೋರಿಸುತ್ತೇನೆ.