ಬಾಕ್ಸ್‌ಎನ್‌ಎಚ್‌ಎಲ್ ವ್ಯಾಗನ್: ಕಲ್ಲಿದ್ದಲಿಗೆ ಸೈ, ಅದಿರಿಗೆ ಅರ್ಧ ಖಾಲಿ

ಹುಬ್ಬಳ್ಳಿ–ಗದಗ ಮಾರ್ಗದಲ್ಲಿ ಗೇಟ್ ಬಿದ್ದಾಗ ಎದುರಿಗೆ ಉರುಳುವ ತಲೆ ತೆರೆದ ಎತ್ತರದ ಡಬ್ಬಿಗಳು ನೋಡೋಕೆ ಒಂದೇ ತರಹ. ಪಕ್ಕದಲ್ಲಿ ಬರೆದಿದ್ದು ಓದಿದರೆ ಜಾತಿ ಬೇರೆ. ಹಳೇದು ಬಾಕ್ಸ್‌ಎನ್, ಹೊಸದು ಬಾಕ್ಸ್‌ಎನ್‌ಎಚ್‌ಎಲ್. ಅಮೆರಿಕದವರು ಇಂಥ ಡಬ್ಬಿಗೆ ಗೊಂಡೋಲಾ ಎನ್ನುತ್ತಾರೆ. ನಮ್ಮಲ್ಲಿ 'ಬಿ' ಎಂದರೆ ಬೋಗಿ, ಅಂದರೆ ಡಬ್ಬಿಯ ಕೆಳಗಿನ ಗಾಲಿಗಳ ಚೌಕಟ್ಟು; 'ಒ' ಓಪನ್, 'ಎನ್' ಏರ್ ಬ್ರೇಕ್.

ವಿನ್ಯಾಸದ ಲೆಕ್ಕದಲ್ಲಿ ಬಾಕ್ಸ್‌ಎನ್‌ನ ಸ್ವಂತ ತೂಕ 22.47 ಟನ್, ಹೊರುವುದು 58.81 ಟನ್. ಎಚ್‌ಎಲ್ 20.6 ಟನ್ ತೂಗಿ 71 ಟನ್ ಹೊರುತ್ತದೆ. 58 ಡಬ್ಬಿಯ ರೇಕಿಗೆ, ಅಂದರೆ ಇಡೀ ಗಾಡಿಗೆ, ಸುಮಾರು 700 ಟನ್ ಲಾಭ. ಆದರೆ ಅದಿರು ತುಂಬುವವರು ಹಿಗ್ಗಬೇಕಿಲ್ಲ. ಘನಮೀಟರಿಗೆ 2.2 ಟನ್ ತೂಗುವ ಅದಿರಾದರೆ 32 ಘನಮೀಟರಿಗೇ ತೂಕದ ಮಿತಿ ಮುಗಿಯಿತು. ಡಬ್ಬಿಯ ಜಾಗ 61. ಎದೆಮಟ್ಟದ ಮೇಲೆಲ್ಲ ಬರೀ ಗಾಳಿ. ಕಲ್ಲಿದ್ದಲಿಗೆ ಇದೇ ಲೆಕ್ಕ ತಿರುಗಾಮುರುಗಾ: ಅಂಚಿನವರೆಗೆ ತುಂಬಿ, ಮೇಲೆ ಗೋಪುರ ಕಟ್ಟಿದರೂ 71 ಮುಟ್ಟುವುದು ಕಷ್ಟ. ಅದಿರಿಗೆಂದೇ ಗಿಡ್ಡ ಬದಿಯ ಬಿಒವೈ ಎಂಬ ವ್ಯಾಗನ್ ಇದೆ, ಸಿಕ್ಕರೆ ಅದೇ ಜಾಣತನ.

ನಿಜವಾದ ವ್ಯತ್ಯಾಸ ಬ್ರೇಕಿನಲ್ಲಿ. ಬಾಕ್ಸ್‌ಎನ್ ಪಕ್ಕದಲ್ಲಿ 'ಖಾಲಿ–ಲೋಡ್' ಹಿಡಿಕೆ ಇದೆ, ಖಾಲಿಗೆ ಮೆದು, ಲೋಡಿಗೆ ಬಿಗಿ ಬ್ರೇಕ್; ಕೈಯಿಂದಲೇ ತಿರುಗಿಸಬೇಕು. ಗೋವಾದ ಮುರಗಾಂವ್ ಬಂದರಿನಿಂದ ಕಲ್ಲಿದ್ದಲು ಹೊತ್ತು ಬಂದ ಡಬ್ಬಿ ಖಾಲಿಯಾದ ಮೇಲೂ ಹಿಡಿಕೆ 'ಲೋಡ್'ನಲ್ಲೇ ಉಳಿಯಿತೆನ್ನಿ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಘಾಟಿಯ 37ಕ್ಕೆ 1ರ (37 ಮೀಟರಿಗೆ 1 ಮೀಟರ್) ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಹಗುರ ಡಬ್ಬಿಯ ಗಾಲಿ ಕಚ್ಚಿಕೊಂಡು ಹಳಿ ಮೇಲೆ ಜಾರುತ್ತದೆ, ಒಂದು ಕಡೆ ಚಪ್ಪಟೆಯಾಗುತ್ತದೆ. ಆಮೇಲೆ ಓಡುವಾಗ ಕೇಳಿ: ಠಕ್, ಠಕ್, ಠಕ್. ಉಲ್ಟಾ ತಪ್ಪು ಇನ್ನೂ ಅಪಾಯ, ತುಂಬಿದ ಗಾಡಿಗೆ ಅರೆಬರೆ ಬ್ರೇಕು. ಬೋಗಿಯಲ್ಲೇ ಬ್ರೇಕ್ ಕೂರಿಸಿದ ಎಚ್‌ಎಲ್ ಡಬ್ಬಿಗಳಲ್ಲಿ ತೂಕ ತಾನೇ ಗುರುತಿಸುವ ಸಾಧನವಿದೆ, ಆ ತಲೆನೋವು ಇಲ್ಲ.

ಬಾಡಿಯೂ ಮೇಲು. ಒದ್ದೆ ಕಲ್ಲಿದ್ದಲಿನ ಗಂಧಕ ಬಾಕ್ಸ್‌ಎನ್‌ನ ತಳ ತಿನ್ನುತ್ತದೆ, ಎಚ್‌ಎಲ್‌ನ ಸ್ಟೇನ್‌ಲೆಸ್ ತಗಡು ತಡೆದುಕೊಳ್ಳುತ್ತದೆ. ಲೋಡರ್ ಬಕೆಟ್ಟಿನ ಪೆಟ್ಟಿಗೆ ಮಾತ್ರ ಎರಡರದ್ದೂ ಮೇಲಂಚು ಬಾಗುತ್ತದೆ.

ತುಂಬುವ ಮುಂಚೆ ಒಳಗಿಳಿದು ನೋಡಿ. ತಳದ ತೂತಿನಿಂದ ಬೆಳಕು ಕಾಣುತ್ತದೆಯೇ, ಬಾಗಿಲ ಕೊಂಡಿ ಪಿನ್ ಸಮೇತ ಕೂತಿದೆಯೇ? ಮಾಲು ಎರಡೂ ಬೋಗಿಗಳ ಮೇಲೆ ಸಮ ಬೀಳಲಿ. ಒಂದೇ ತುದಿಗೆ ಸುರಿದರೆ ಆ ಕಡೆಯ ಸ್ಪ್ರಿಂಗ್ ಕುಸಿಯುತ್ತದೆ. ತೂಕ ಹೆಚ್ಚಾದರೆ ವೇಬ್ರಿಡ್ಜ್‌ನಲ್ಲಿ (ಗಾಡಿ ತೂಗುವ ತಕ್ಕಡಿ) ದಂಡ ಗ್ಯಾರಂಟಿ.